ಊರಿನವರಿರುವ ಬ್ಯಾಂಕು

ನನ್ನ ಸಂಬಳ ನನ್ನ ಹೆಸರಿನ ಅಕೌಂಟಿಗೇ ಬೀಳುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮವರು ಯಾರ ಮುಂದೆಯೂ ಮೊದಲು ಹೇಳುವುದು ಇದನ್ನೇ. "ಅವಳ ದುಡ್ಡು ಅವಳ ಅಕೌಂಟಿನಲ್ಲೇ ಉಂಟು ಮಾರಾಯ್ರೆ, ನಾನು ಮುಟ್ಟುವುದಿಲ್ಲ." ಸುಳ್ಳಲ್ಲ, ಮುಟ್ಟುವುದಿಲ್ಲ. ಆದರೆ ಆ ಅಕೌಂಟಿನ ಎಟಿಎಂ ಕಾರ್ಡು ಇರುವುದು ಇವರ ಪರ್ಸಿನಲ್ಲಿ, ಮೆಸೇಜು ಬರುವುದು ಇವರ ಫೋನಿಗೆ. ಬೇಕಾದಾಗ ಕಾರ್ಡು ಕೊಡುತ್ತಾರೆ. ಅದನ್ನು ಉಜ್ಜಿ ಅಂಗಡಿಯ ಮೆಟ್ಟಿಲಿಳಿಯುವುದರೊಳಗೆ ಫೋನು ಬರುತ್ತದೆ. "ಏಳು ರಿಯಾಲ್ ಎಂತಕ್ಕೆ?" ಜಗಳಕ್ಕೆ ಕೇಳುವುದಲ್ಲ, ಲೆಕ್ಕಕ್ಕೆ ಕೇಳುವುದು. ಹದಿಮೂರು ವರ್ಷಗಳಿಂದ ನಾನು ಎಂತಕ್ಕೆ ಎಂದು ಹೇಳುತ್ತಲೇ ಇದ್ದೇನೆ.

ನನ್ನ ಹೆಸರು ದಮಯಂತಿ, ಊರು ಬಂಟ್ವಾಳದ ಹತ್ತಿರ. ಓಮಾನಿನ ರುಸ್ತಾಕ್ ಎಂಬ ಊರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಇನ್ಶೂರೆನ್ಸ್ ಬಿಲ್ಲುಗಳನ್ನು ನೋಡುವ ಕೆಲಸ. ನನ್ನ ಗಂಡ ಪೂವಪ್ಪ ಇಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯ ಮ್ಯಾನೇಜರ್. ಮಗಳು ಅಕ್ಷಿತಾ ಹನ್ನೆರಡನೆಯ ಕ್ಲಾಸು. ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

ನನಗೆ ಬೇಕಾಗಿದ್ದದ್ದು ಒಂದು ಡ್ರೈವಿಂಗ್ ಲೈಸೆನ್ಸು. ಈ ಊರಿನಲ್ಲಿ ಗಾಡಿ ಇಲ್ಲದ ಹೆಂಗಸು ಕಪಾಟಿನ ಹಾಗೆ, ಇಟ್ಟಲ್ಲೇ ಇರಬೇಕು. ಬೆಳಿಗ್ಗೆ ಇವರು ಕ್ಲಿನಿಕ್ಕಿನಲ್ಲಿ ಇಡುತ್ತಾರೆ, ಸಂಜೆ ತೆಗೆದು ಮನೆಯಲ್ಲಿ ಇಡುತ್ತಾರೆ. ಸುತ್ತಲೂ ಬೋಳು ಗುಡ್ಡ. ಕಡಲು ಮುಕ್ಕಾಲು ಗಂಟೆಯ ದಾರಿ. ಕಡಲ ಬದಿಯ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಆ ಮುಕ್ಕಾಲು ಗಂಟೆ ಎಷ್ಟು ದೂರ ಎಂದು ಹೇಳಿದರೆ ಅರ್ಥವಾಗದು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ, ಯಾರನ್ನೂ ಕೇಳದೆ ಅಲ್ಲಿಯವರೆಗೆ ನಾನೇ ಓಡಿಸಿಕೊಂಡು ಹೋಗಿ ಬರಬೇಕು. ನನ್ನ ಆಸೆ ಇಷ್ಟೇ, ಇದಕ್ಕಿಂತ ದೊಡ್ಡದೇನೂ ಅಲ್ಲ.

ಇವರಲ್ಲಿ ಮೂರು ಸಲ ಕೇಳಿದ್ದೆ. ಮೊದಲ ಸಲ, "ನಾನಿದ್ದೇನಲ್ಲ ಬಿಡ್ಲಿಕ್ಕೆ" ಎಂದರು. ಎರಡನೆಯ ಸಲ, "ಇಲ್ಲಿಯವರ ಸ್ಪೀಡು ನೋಡಿದ್ದೀಯಾ ನೀನು?" ಎಂದರು. ಮೂರನೆಯ ಸಲ ಸುಮ್ಮನೆ ನಕ್ಕು, ತಮ್ಮ ತಟ್ಟೆಯ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿದರು. ಇವರು ಕೆಟ್ಟವರಲ್ಲ. ಇವತ್ತಿನವರೆಗೆ ಕೈ ಎತ್ತಿದವರಲ್ಲ, ಸ್ವರ ಎತ್ತಿದವರಲ್ಲ. ಕೆಟ್ಟವರಾಗಿದ್ದರೆ ನನಗೂ ಒಂದು ದಾರಿ ಕಾಣುತ್ತಿತ್ತೋ ಏನೋ. ಮೀನಿನ ತುಂಡು ಕೊಡುವವರ ಜೊತೆ ಜಗಳ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಈ ವರ್ಷ ಕ್ಲಿನಿಕ್ಕು ಕೈ ಬದಲಾಯಿತು. ಹೊಸ ಧಣಿಗಳು ನಮ್ಮನ್ನೆಲ್ಲ ಕೂರಿಸಿ ಎರಡು ವಿಷಯ ಹೇಳಿದರು. ಎಲ್ಲರೂ ತಮಗೆ ಬೇಕಾದ ಬ್ಯಾಂಕಿನಲ್ಲಿ ಹೊಸ ಅಕೌಂಟು ಮಾಡಿಸಿ ನಂಬರು ಕೊಡಬೇಕು, ಮತ್ತು ನನಗೆ ತಿಂಗಳಿಗೆ ನಲವತ್ತು ರಿಯಾಲು ಹೆಚ್ಚು. ಅಕೌಂಟಿನ ಸುದ್ದಿಯನ್ನೂ ನಲವತ್ತು ರಿಯಾಲಿನ ಸುದ್ದಿಯನ್ನೂ ನಾನು ಮನೆಗೆ ಕೊಂಡುಹೋಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹೂಡಿದೆ. ಸಂಬಳ ಹೊಸ ಅಕೌಂಟಿಗೆ ಬಂದ ದಿನವೇ ಹಳೆಯ ಸಂಬಳದಷ್ಟು ದುಡ್ಡು ತಾನಾಗಿ ಹಳೆಯ ಅಕೌಂಟಿಗೆ ಹೋಗಬೇಕು. ಇವರ ಫೋನಿಗೆ ಎಂದಿನ ಮೆಸೇಜು ಬರುತ್ತದೆ. ಉಳಿದ ನಲವತ್ತು ನನ್ನ ಡ್ರೈವಿಂಗ್ ಕ್ಲಾಸಿಗೆ. ಒಂದು ಹೊಸ ಸಿಮ್ಮನ್ನೂ ನನ್ನದೇ ಬತಾಕ ಕೊಟ್ಟು ಕೊಂಡುಕೊಂಡೆ. ಬತಾಕ ಎಂದರೆ ಇಲ್ಲಿ ನಮಗೆಲ್ಲ ಇರುವ ಗುರುತಿನ ಕಾರ್ಡು.

ಯಾವ ಬ್ಯಾಂಕು ಎಂದು ನರ್ಸ್ ಆಫಿಯಾಳನ್ನು ಕೇಳಿದೆ. ಉಪ್ಪಿನಂಗಡಿಯ ಹುಡುಗಿ, ಮೊದಲು ಇದೇ ದೇಶದ ಬುರೈಮಿ ಊರಿನಲ್ಲಿ ಕೆಲಸಕ್ಕಿದ್ದವಳು, ತನ್ನ ಗಾಡಿ ತಾನೇ ಓಡಿಸುತ್ತಾಳೆ.

"ಚಾರ್ಜು ಯಾವುದರಲ್ಲಿ ಕಮ್ಮಿ, ಆ್ಯಪು ಯಾವುದು ಒಳ್ಳೇದು ಅಂತ ನಾನು ಹೇಳ್ತೇನೆ ಅಕ್ಕ," ಎಂದಳು. "ಅದಕ್ಕಿಂತ ಮೊದಲು ಒಂದು ಮಾತು. ನಮ್ಮ ಊರಿನವರು ಒಬ್ಬರೂ ಇಲ್ಲದ ಬ್ಯಾಂಕಿಗೆ ಹೋಗಿ."

ಹೋದೆ. ಅವಳು ಹೇಳಿದ ಬ್ಯಾಂಕಿಗೇ ಹೋದೆ. ಟೋಕನ್ ಹಿಡಿದು ಕೂತೆ. ಕೌಂಟರಿನಲ್ಲಿ ಒಬ್ಬಳು ಓಮಾನಿ ಹುಡುಗಿ, ಮರ್ಯಾದೆಯಿಂದಲೇ ಮಾತಾಡಿದಳು. ಆದರೆ ಅವಳ ಇಂಗ್ಲಿಷು ನನ್ನ ಇಂಗ್ಲಿಷಿಗಿಂತ ಬೇಗ ಓಡುತ್ತಿತ್ತು. ಈ ಅಕೌಂಟು ಯಾವ ಉದ್ದೇಶಕ್ಕೆ ಎಂದು ಕೇಳಿದಳು. ಎಲ್ಲರನ್ನೂ ಕೇಳುವ ಪ್ರಶ್ನೆ. ನನಗೆ ಮಾತ್ರ ಕಳ್ಳಿ ಸಿಕ್ಕಿಬಿದ್ದ ಹಾಗಾಯಿತು. ಬೆವರೊರೆಸಿಕೊಂಡು, ಮತ್ತೆ ಬರುತ್ತೇನೆ ಎಂದು ಎದ್ದು ಬಂದೆ.

ರಸ್ತೆಯ ಆಚೆ ಬದಿಯ ಬ್ಯಾಂಕಿನಲ್ಲಿ ಜಾಯ್ಸನ್ ಇದ್ದ. ನಮ್ಮ ಬಂಟ್ವಾಳದವನೇ, ಶುಕ್ರವಾರ ಇವರ ಜೊತೆ ವಾಲಿಬಾಲ್ ಆಡುವವನು. ಗಾಜಿನ ಬಾಗಿಲು ತಳ್ಳಿದ್ದೇ ತಡ, "ಓ, ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದು ತುಳುವಿನಲ್ಲಿ ಕರೆದ. ನನ್ನ ಜೀವಕ್ಕೆ ಜೀವ ಬಂತು. ಚಾರ್ಜು ಎಷ್ಟು, ಆ್ಯಪು ಹೇಗೆ, ಒಂದನ್ನೂ ಕೇಳದೆ ಅಲ್ಲೇ ಅಕೌಂಟು ಮಾಡಿಸಿದೆ. ನಾವು ಬ್ಯಾಂಕು ಆರಿಸುವುದೇ ಹೀಗೆ. ಡಾಕ್ಟರು, ಟಿಕೆಟಿನ ಏಜೆಂಟು, ಗಾಡಿಯ ಗ್ಯಾರೇಜು, ಎಲ್ಲವನ್ನೂ ಹೀಗೇ ಆರಿಸುವುದು. ಊರಿನವನಿದ್ದರೆ ಅರ್ಧ ಕೆಲಸ ಆದ ಹಾಗೆ ಎನ್ನುತ್ತೇವೆ. ಇನ್ನರ್ಧ ಏನಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಮನೆಯಲ್ಲಿ ಹೇಳಬೇಡ ಎಂದು ಅವನಿಗೆ ನಾನು ಹೇಳಲಿಲ್ಲ. ಹಾಗೆ ಹೇಳುವುದೇ ದೊಡ್ಡ ಸುದ್ದಿಯಾಗುತ್ತದಲ್ಲ.

ಆಮೇಲಿನ ಎರಡು ತಿಂಗಳು ನಾನು ಸುಖವಾಗಿದ್ದೆ. ನಮ್ಮ ಕ್ಲಿನಿಕ್ಕು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ಮೊದಲೆಲ್ಲ ಬುತ್ತಿ ಉಂಡು ಅಲ್ಲೇ ಸೋಫಾದಲ್ಲಿ ಒರಗುತ್ತಿದ್ದೆ. ಈಗ ಕಲಿಸುವ ಓಮಾನಿ ಹೆಂಗಸಿನ ಗಾಡಿ ಬಾಗಿಲಿಗೆ ಬರುತ್ತಿತ್ತು. ಅವಳು ಫ್ಲಾಸ್ಕಿನಿಂದ ಕಹ್ವಾ, ಅಂದರೆ ಇಲ್ಲಿಯ ಕಾಫಿ, ಸುರಿದುಕೊಂಡು ಪಕ್ಕದಲ್ಲಿ ಕೂತು, "ಶ್ವೈ ಶ್ವೈ, ನಿಧಾನ ನಿಧಾನ" ಎನ್ನುತ್ತಿದ್ದಳು. ಇಲ್ಲಿ ಮೊದಲು ಡ್ರಮ್ ಟೆಸ್ಟು ಪಾಸಾಗಬೇಕು, ನಿಲ್ಲಿಸಿದ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆದು ಒಂದಕ್ಕೂ ತಾಗಿಸದೆ ನಿಲ್ಲಿಸಬೇಕು. ಮೊದಲು ಎಲ್ಲವನ್ನೂ ಬೀಳಿಸಿದೆ. ಹೋಗುತ್ತಾ ಹೋಗುತ್ತಾ ಒಂದೂ ಬೀಳಲಿಲ್ಲ. ಪ್ರತಿ ಕ್ಲಾಸಿನ ದುಡ್ಡನ್ನು ನಾನೇ ಆ್ಯಪಿನಿಂದ ಕಳಿಸುತ್ತಿದ್ದೆ. ಕೋಡು ನನ್ನ ಸಿಮ್ಮಿಗೆ ಬರುತ್ತಿತ್ತು, ದುಡ್ಡು ಹೋಗುತ್ತಿತ್ತು, ಯಾರೂ ಎಂತಕ್ಕೆ ಎಂದು ಕೇಳುತ್ತಿರಲಿಲ್ಲ. ಆ ಮೌನ ಎಷ್ಟು ರುಚಿಯಾಗಿತ್ತೆಂದು ಹೇಳಲಾರೆ. ಟೆಸ್ಟಿಗೆ ಒಂದು ಸೋಮವಾರ ಗೊತ್ತಾಯಿತು. ಬಾಕಿ ದುಡ್ಡನ್ನು ಅಂದು ಬೆಳಿಗ್ಗೆ ಕಳಿಸಿದರೆ ಗಾಡಿ ತರುತ್ತೇನೆ ಎಂದಳು ಕಲಿಸುವವಳು.

ಅದಕ್ಕೆ ಮೊದಲಿನ ಶುಕ್ರವಾರ ಎಂದಿನ ಹಾಗೆ ವಾಲಿಬಾಲ್. ನಾವು ಹೆಂಗಸರು ಚಾಪೆಯ ಮೇಲೆ ಕೂತು ಗೋಳಿಬಜೆ ಹಂಚುತ್ತಿದ್ದೆವು. ಆಟ ಮುಗಿಸಿ ಟವಲಿನಲ್ಲಿ ಮುಖ ಒರೆಸುತ್ತಾ ಜಾಯ್ಸನ್ ಬಂದ.

"ಪೂವಪ್ಪಣ್ಣ, ಅಕ್ಕನ ಹೊಸ ಅಕೌಂಟಿಗೆ ತಿಂಗಳು ತಿಂಗಳು ಸ್ವಲ್ಪ ಹಾಕಿ ಇಡಿ. ನಮ್ಮಲ್ಲಿ ಲಕ್ಕಿ ಡ್ರಾ ಉಂಟು. ನನ್ನ ಟಾರ್ಗೆಟ್ಟೂ ಆಗ್ತದೆ."

ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇವರು ಕೈಯಲ್ಲಿದ್ದ ಗೋಳಿಬಜೆಯನ್ನು ತಿಂದು ಮುಗಿಸಿದರು. ಆಮೇಲೆ ನಕ್ಕು, "ಹಾಕುವ, ಹಾಕುವ" ಎಂದರು.

ಗಾಡಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಕೇಳಿದರು. ನಾನು ಎಲ್ಲ ಹೇಳಿದೆ. ನಲವತ್ತು ರಿಯಾಲು, ಕ್ಲಾಸು, ಸೋಮವಾರದ ಟೆಸ್ಟು. ಬೈಯುತ್ತಾರೆ ಎಂದುಕೊಂಡು ಮೈ ಗಟ್ಟಿ ಮಾಡಿಕೊಂಡಿದ್ದೆ. ಬೈಯಲಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತರು.

"ನಿಂಗೆ ಎಂತ ಕಮ್ಮಿ ಮಾಡಿದ್ದೇನೆ ದಮಯಂತಿ?"

ಇವರ ಕಣ್ಣಲ್ಲಿ ನೀರಿತ್ತು. ಕಮ್ಮಿ ಏನೂ ಮಾಡಿರಲಿಲ್ಲ. ನನಗೆ ಪಾಪ ಅನ್ನಿಸಿತು. ಅದರ ಜೊತೆಗೇ ಕೆಟ್ಟ ಸಿಟ್ಟೂ ಬಂತು.

"ಇಟ್ಸ್ ಹರ್ ಮನಿ, ಪಪ್ಪಾ," ಎಂದಳು ಹಿಂದಿನ ಸೀಟಿನಿಂದ ಅಕ್ಷಿತಾ.

"ನೀನು ಸುಮ್ಮನಿರು. ಇದು ದುಡ್ಡಿನ ವಿಷಯ ಅಲ್ಲ," ಎಂದರು ಇವರು. ಆಮೇಲೆ ಸಮಾಧಾನದ ಸ್ವರದಲ್ಲಿ ತೀರ್ಮಾನ ಹೇಳಿದರು. "ಟೆಸ್ಟು ಈಗ ಬೇಡ. ಇವಳ ಕಾಲೇಜು ಸೀಟು ಆಗ್ಲಿ, ಮತ್ತೆ ನೋಡುವ. ಭಾನುವಾರ ಬ್ಯಾಂಕಿಗೆ ಹೋಗಿ ಈ ಅಕೌಂಟಿಗೂ ನನ್ನ ನಂಬರು ಹಾಕಿಸುವ. ಎಲ್ಲ ಒಂದೇ ಕಡೆ ಇದ್ರೆ ನಿಂಗೂ ತಲೆಬಿಸಿ ಇಲ್ಲ."

ಶನಿವಾರವಿಡೀ ನಾನು ಅನ್ನ ಬೇಯಿಸುತ್ತಾ, ಬಟ್ಟೆ ಮಡಚುತ್ತಾ ಒಂದೇ ವಾಕ್ಯ ಅಭ್ಯಾಸ ಮಾಡಿದೆ. ನನ್ನ ನಂಬರೇ ಇರಲಿ. ಕೂಗಾಡಬೇಕಾಗಿಲ್ಲ, ಕಾರಣ ಕೊಡಬೇಕಾಗಿಲ್ಲ. ಅಕೌಂಟು ನನ್ನದು, ನಾನು ಹೇಳದೆ ಯಾರೂ ನಂಬರು ಬದಲಿಸುವ ಹಾಗಿಲ್ಲ. ಅಷ್ಟು ಹೇಳಿದರೆ ಸೋಮವಾರ ದುಡ್ಡು ಹೋಗುತ್ತದೆ, ಗಾಡಿ ಬರುತ್ತದೆ. ಆಮೇಲೆ ಮನೆಯಲ್ಲಿ ಏನಾಗುತ್ತದೋ ಆಗಲಿ ಎಂದು ನಿಜವಾಗಿಯೂ ಗಟ್ಟಿಯಾಗಿದ್ದೆ.

ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ, ನಾವಿಬ್ಬರೂ ಜಾಯ್ಸನ್ನನ ಮುಂದೆ ಕೂತೆವು. ನನ್ನ ಫೋನು ಗಾಡಿಯಲ್ಲೇ ಚಾರ್ಜಿಗೆ ಇತ್ತು. ಇವರು ವಿಷಯ ಹೇಳಿದ ಕೂಡಲೇ ಅವನ ಮುಖ ಸಣ್ಣದಾಯಿತು. ಮೈದಾನದಲ್ಲಿ ತಾನು ಏನು ಮಾಡಿಬಿಟ್ಟೆ ಎಂದು ಅವನಿಗೆ ಆಗ ಗೊತ್ತಾಗಿರಬೇಕು. ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಿದ್ದ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂದು, ಸಿಮೆಂಟಿನ ಲೋಡಿನ ವಿಷಯ ಮಾತಾಡಲು ಇವರು ಎದ್ದು ಗಾಜಿನ ಬಾಗಿಲಿನ ಹೊರಗೆ ಹೋದರು.

ಜಾಯ್ಸನ್ ಸ್ವರ ತಗ್ಗಿಸಿದ. "ಅಕ್ಕ, ತಪ್ಪಾಯ್ತು ನಂದು. ನಂಗೆ ಗೊತ್ತಿರ್ಲಿಲ್ಲ."

"ಇರ್ಲಿ ಬಿಡು."

"ಅಣ್ಣ ಹೊರಗಿದ್ದಾರೆ. ಫಾರ್ಮು ತೆರೆದಾಯ್ತು, ಇದ್ರಲ್ಲಿ ಹಳೇ ನಂಬರು ಕಾಣುವುದಿಲ್ಲ, ನೀವೇ ಬಾಯಲ್ಲಿ ಹೇಳ್ಬೇಕು. ನಿಮ್ಮದೇ ಇರುವುದಾದ್ರೆ ಅದನ್ನೇ ಹೇಳಿ. ರೂಲ್ಸ್ ಪ್ರಕಾರ ಬದಲಿಸ್ಲಿಕ್ಕೆ ಆಗುವುದಿಲ್ಲ ಅಂತ ಅಣ್ಣನಿಗೆ ನಾನು ಹೇಳ್ತೇನೆ. ಹೇಳಿ ಅಕ್ಕ."

ಅವನ ಬೆರಳುಗಳು ಕೀಬೋರ್ಡಿನ ಮೇಲೆ ಕಾಯುತ್ತಿದ್ದವು. ಹೊರಗೆ ಇವರು ಬೆನ್ನು ಹಾಕಿ ನಿಂತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ, ಯಾರೂ ಹೆದರಿಸುತ್ತಿರಲಿಲ್ಲ. ನಾನು ಬಾಯಿ ತೆರೆದೆ. ಇಲ್ಲಿಯ ಫೋನ್ ನಂಬರಿನ ಎಂಟೂ ಅಂಕಿಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ಉಸಿರು ಕೂಡ ತೆಗೆಯದೆ ಹೊರಗೆ ಬಂದವು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಗ್ಯಾಸಿನವನಿಗೆ, ಇಷ್ಟು ವರ್ಷ ಯಾರು ನಂಬರು ಕೇಳಿದರೂ ಹೇಳುತ್ತಾ ಬಂದ ಎಂಟು ಅಂಕಿಗಳು. ಇವರ ನಂಬರು.

ಜಾಯ್ಸನ್ ಟೈಪು ಮಾಡಿ ಒತ್ತಿದ. ನನ್ನನ್ನು ನೋಡಿದ.

"ಅಲ್ಲ," ಎಂದೆ. "ಅಲ್ಲ ಜಾಯ್ಸನ್, ಅದಲ್ಲ. ನಂದು..."

"ಹೇಳಿ ಅಕ್ಕ."

ಒಂಬತ್ತರಿಂದ ಶುರು ಎಂದು ನೆನಪಿತ್ತು. ಆಮೇಲೆ ಏಳೋ ಒಂದೋ. ಎರಡು ತಿಂಗಳು ಆ ಸಿಮ್ಮು ನನ್ನ ಹತ್ತಿರ ಇತ್ತು, ಆದರೆ ಗುಟ್ಟಿನ ನಂಬರನ್ನು ನಾನು ಯಾರಿಗೆ ಹೇಳಿದ್ದೆ, ಯಾವಾಗ ಹೇಳಿದ್ದೆ? ಅಕೌಂಟು ಮಾಡಿಸುವಾಗಲೂ ಸಿಮ್ಮಿನ ಕವರನ್ನೇ ಅವನ ಕೈಗೆ ಕೊಟ್ಟಿದ್ದೆ. ಗಾಡಿಯಲ್ಲಿರುವ ಫೋನು ತರಲು ಎದ್ದೆ. ಬಾಗಿಲು ತಳ್ಳಿಕೊಂಡು ಇವರು ಒಳಗೆ ಬಂದರು. ಅವರ ಕೈಯಲ್ಲೇ ಫೋನು ಟುಂಯ್ ಎಂದಿತು.

"ಕೋಡು ಬಂತು ಜಾಯ್ಸನ್," ಎಂದು ಇವರು ಕನ್ನಡಕ ಹಣೆಗೇರಿಸಿ, ಪರದೆಯನ್ನು ನೋಡಿ ಒಂದೊಂದೇ ಅಂಕಿ ಓದಿದರು. ಜಾಯ್ಸನ್ ತಲೆ ತಗ್ಗಿಸಿ ಒತ್ತಿದ. "ಖಲಾಸ್, ಇಷ್ಟೇ ಕೆಲಸ," ಎಂದು ಇವರು ನನ್ನ ಭುಜ ತಟ್ಟಿದರು. ದಾರಿಯಲ್ಲಿ ನನಗೆ ಇಷ್ಟದ ಶವರ್ಮಾ ಕೊಡಿಸಿದರು. ನಾನು ತಿಂದೆ.

ಸೋಮವಾರ ಕಲಿಸುವ ಹೆಂಗಸು ನಾಲ್ಕು ಸಲ ಫೋನು ಮಾಡಿದಳು. ನಾನು ಎತ್ತಲಿಲ್ಲ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ, ಆಫಿಯಾಳ ಗಾಡಿಯಲ್ಲಿ, ಒಬ್ಬಳೇ ಜಾಯ್ಸನ್ನನ ಹತ್ತಿರ ಹೋದೆ. ಮತ್ತೆ ನನ್ನ ನಂಬರು ಹಾಕು ಎಂದೆ. ಹಾಕಬಹುದು ಅಕ್ಕ, ಆದರೆ ನಂಬರು ಬದಲಾಯಿತು ಎಂಬ ಮೆಸೇಜು ಈಗ ಇರುವ ನಂಬರಿಗೂ ಹೋಗುತ್ತದೆ ಎಂದ. ಒತ್ತಲಾ ಎಂದು ಕೇಳಿದ. ಬೇಡ ಎಂದು ಎದ್ದು ಬಂದೆ.

ಈಗ ನನ್ನ ನಂಬರು ನನಗೆ ಬಾಯಿಪಾಠ ಇದೆ. ಬಿಲ್ಲು ಬರೆಯುವಾಗ, ಅಕ್ಕಿ ತೊಳೆಯುವಾಗ, ಇವರ ಪಕ್ಕದ ಸೀಟಿನಲ್ಲಿ ಕೂತು ಮನೆಗೆ ಬರುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ, ಒಂದು ಅಂಕಿಯೂ ತಪ್ಪುವುದಿಲ್ಲ. ಯಾರೂ ಕೇಳಿಲ್ಲ.