ಎರಡನೆಯ ಓದು

ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ತಲೆನೋವೆಂದರೆ ಒಂದು ಮಾತ್ರೆ, ಹೊಟ್ಟೆನೋವೆಂದರೆ ಇನ್ನೊಂದು. ಹೆಸರು ಹರಿದುಹೋದ ಮಾತ್ರೆಪಟ್ಟಿಯನ್ನು ಬೆಳಕಿಗೆ ಹಿಡಿದು, ಇದು ಇಂಥದ್ದಕ್ಕೆ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುವವರು. ಈ ಬೀದಿಯಲ್ಲಿ ಆ ಪಟ್ಟ ಕಾಂಪೌಂಡರ್ ಅಜ್ಜನದು. ಡಾಕ್ಟರು ತೀರಿಕೊಂಡು, ದವಾಖಾನೆಗೆ ಬೀಗ ಬಿದ್ದು ಹದಿನಾಲ್ಕು ವರ್ಷವಾಗಿತ್ತು. ಆದರೂ ಬೆಳಗ್ಗೆ ಅಜ್ಜ ಮೆಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡರೆ ಸಾಕು, ಯಾರಾದರೂ ಕೆಮ್ಮುತ್ತಾ ಬಂದೇ ಬರುತ್ತಿದ್ದರು.

ಅಜ್ಜನ ಸೊಸೆ ನಾಲ್ಕು ರಸ್ತೆ ಕೂಡುವಲ್ಲಿದ್ದ ಔಷಧಿ ಅಂಗಡಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಸಂಜೆ ಮನೆಗೆ ಬರುವಾಗ ಮಾವನ ಮುಂದೆ ಜನ ನಿಂತಿದ್ದು ಕಂಡರೆ ಯಾರಿಗೆ ಏನು ಕೊಟ್ಟುಬಿಡುತ್ತಾರೋ ಎಂದು ಅವಳಿಗೆ ಹೆದರಿಕೆ. ಆಡುವ ಹಾಗಿಲ್ಲ, ಅನುಭವಿಸುವ ಹಾಗಿಲ್ಲ. ಒಮ್ಮೆ ಮೆಲ್ಲಗೆ ಹೇಳಿ ನೋಡಿದ್ದಳು. ಅಜ್ಜ ಎರಡು ದಿನ ಅವಳ ಕೈಯಿಂದ ಚಹಾ ಇಸಿದುಕೊಳ್ಳದೆ ತಾನೇ ಒಲೆಯ ಮುಂದೆ ನಿಂತು ಕಾಸಿಕೊಂಡಿದ್ದ. ಅದೂ ಸಕ್ಕರೆ ಮರೆತು.

ನಿಜ ಹೇಳಬೇಕೆಂದರೆ ಅಜ್ಜನಿಗೆ ಬೇಕಾಗಿದ್ದುದು ಕೆಮ್ಮುವವರಲ್ಲ, ಆ ಹಳೆಯ ದವಾಖಾನೆ. ಎರಡೇ ಕೋಣೆ, ನಡುವಿನ ಗೋಡೆಯಲ್ಲಿ ಒಂದು ಕಿಟಕಿ. ಕಿಟಕಿಯ ಆಚೆ ಬೆಂಚಿನ ಮೇಲೆ ಜನ, ಈಚೆ ಕಪಾಟಿನ ತುಂಬ ಕಂದು ಸೀಸೆಗಳು. ಜನ ಮನೆಯಿಂದಲೇ ಸೀಸೆ ತೊಳೆದು ತರುತ್ತಿದ್ದರು. ಪಿಂಗಾಣಿ ಕುಟ್ಟಾಣಿಯಲ್ಲಿ ಪುಡಿ ಅರೆದು, ನೀರು ಬೆರೆಸಿ, ಬಿರಡೆ ಹಾಕಿ ಕುಲುಕಿದರೆ ಕೋಣೆಯೆಲ್ಲ ಘಾಟು. ಆ ಘಾಟಿಗಾಗಿ ಈಗಲೂ ಅಜ್ಜನ ಮೂಗು ಹಾತೊರೆಯುತ್ತಿತ್ತು.

ಕಿಟಕಿಯ ಪಕ್ಕದ ಮೊಳಕಾಲೆತ್ತರದ ಸ್ಟೂಲಿನ ಮೇಲೆ ಅವನ ಹೆಂಡತಿ ಕೂರುತ್ತಿದ್ದಳು. ಕಾಗದದ ಪಟ್ಟಿ ಮಡಚಿ ಅಂಚಿಗೆ ಕತ್ತರಿ ಕೊಟ್ಟು ಬಿಚ್ಚಿದರೆ ಸಾಲಾಗಿ ಹಲ್ಲುಗಳು. ಅದನ್ನು ಸೀಸೆಗೆ ಅಂಟಿಸುವುದು ಅವಳ ಕೆಲಸ. ಒಂದು ಹಲ್ಲಿನಷ್ಟು ಔಷಧಿ ಅಂದರೆ ಒಂದು ಸಲಕ್ಕೆ. ಮದುವೆಯಾದ ಮೇಲೆ ಗಂಡನ ಹತ್ತಿರ, ಅದೂ ಸೀಸೆಗಳ ಮೇಲಿನ ಚೀಟಿಗಳಿಂದಲೇ ಅವಳು ಅಕ್ಷರ ಕಲಿತದ್ದು. ಕಲಿತದ್ದನ್ನು ಸುಮ್ಮನೆ ಬಿಡುವವಳೇ? ಕಿಟಕಿ ದಾಟುವ ಪ್ರತಿಯೊಂದು ಸೀಸೆಯ ಚೀಟಿಯನ್ನೂ ಗಟ್ಟಿಯಾಗಿ ಓದಿ, ನಿಮ್ಮದೇ ತಾನೆ ಎಂದು ಕೇಳಿಯೇ ಕೊಡುತ್ತಿದ್ದಳು. ಇವಳು ಪಾಠ ಒಪ್ಪಿಸುತ್ತಿದ್ದಾಳೆ ಎಂದು ಅಜ್ಜ ಮೀಸೆಯಲ್ಲೇ ನಗುತ್ತಿದ್ದ. ಅವಳು ಹೋಗಿ ಒಂಬತ್ತು ವರ್ಷ. ಅವಳ ಓದು ಮಾತ್ರ ಅವನ ಕಿವಿಯಲ್ಲಿ ಇನ್ನೂ ಇತ್ತು.

ಹೀಗಿರುವಾಗ ಒಂದು ಸಂಜೆ ಸೊಸೆ ಅರ್ಜಿಯೊಂದನ್ನು ಹಿಡಿದು ಬಂದಳು. ಬರುವ ವರ್ಷದಿಂದ ಅಂಗಡಿಯಲ್ಲಿ ಔಷಧಿ ಎಣಿಸಿ, ತುಂಬಿ, ಚೀಟಿ ಅಂಟಿಸುವವರಿಗೆಲ್ಲ ಫಾರ್ಮಸಿ ಟೆಕ್ನಿಷಿಯನ್ ಲೈಸೆನ್ಸು ಇರಲೇಬೇಕಂತೆ. ಇಲ್ಲದಿದ್ದರೆ ಅವಳು ಆ ಕೆಲಸ ಮುಟ್ಟುವ ಹಾಗಿಲ್ಲ. ವಾರಕ್ಕೆ ಮೂರು ಸಂಜೆಯಂತೆ ಆರು ತಿಂಗಳು ತರಗತಿ, ಅಂಗಡಿಯ ಫಾರ್ಮಸಿಸ್ಟರ ಕಣ್ಣೆದುರಿಗೇ ಇಷ್ಟು ಗಂಟೆ ಅಂತ ಕೆಲಸ, ಆಮೇಲೆ ಪರೀಕ್ಷೆ. ಅರ್ಜಿಗೆ ಶನಿವಾರ ಕೊನೆಯ ದಿನ. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ನಾಲ್ಕು ವರ್ಷದ ಪುಟ್ಟಿಯನ್ನು ಆ ಮೂರು ಸಂಜೆ ಮಾವ ನೋಡಿಕೊಂಡರೆ ಮಾತ್ರ ಅವಳಿಗೆ ಓದು, ಇಲ್ಲದಿದ್ದರೆ ಇಲ್ಲ.

ಅಜ್ಜ ಅರ್ಜಿಯನ್ನು ಓದಲೂ ಇಲ್ಲ.

"ನಲವತ್ತು ವರ್ಷ ನಾನು ಯಾವ ಕಾಗದ ಇಟ್ಕೊಂಡು ಔಷಧಿ ಕೊಟ್ಟೆ? ಕೈ ಕಲಿತಿರಬೇಕಮ್ಮ, ಕಾಗದ ಅಲ್ಲ. ಪಟ್ಟೀಲಿ ಹತ್ತು ಮಾತ್ರೆ ಇರುತ್ತೆ, ಹತ್ತು ಎಣಿಸೋಕೆ ಆರು ತಿಂಗಳು ಪಾಠನಾ?"

ಪುಟ್ಟಿಯನ್ನು ನೋಡಿಕೊಳ್ಳಲು ತನ್ನಿಂದಾಗದು, ಮಂಡಿ ನೋವು ಎಂದ. ಮಂಡಿ ನೋವೇನೋ ಇತ್ತು. ಆದರೆ ಅದಕ್ಕಿಂತ ಮೇಲೆ, ಎದೆಯೊಳಗೆ, ಬೇರೆಯದೇ ನೋವಿತ್ತು. ಕಾಗದ ಬೇಕೇ ಬೇಕು ಅನ್ನುವುದಾದರೆ, ಕಾಗದವಿಲ್ಲದೆ ನಲವತ್ತು ವರ್ಷ ಕಿಟಕಿಯ ಹಿಂದೆ ನಿಂತ ತಾನು ಯಾರು? ಸೊಸೆ ಅರ್ಜಿಯನ್ನು ಮಡಚಿ ಕಪಾಟಿನ ಮೇಲಿಟ್ಟು ಅನ್ನಕ್ಕೆ ನೀರಿಟ್ಟಳು. ಅಜ್ಜನಿಗೆ ಅವಳು ಜಗಳವಾಡಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಗುರುವಾರ ಅಂಗಡಿಗೆ ರಜೆ. ಮಧ್ಯಾಹ್ನ ಎದುರುಮನೆಯವಳು ಬಂದಳು. ಸೊಸೆ ಕೆಲಸ ಮಾಡುವ ಅಂಗಡಿಯ ಫಾರ್ಮಸಿಸ್ಟ್ ಅವಳೇ. ಚಿಕ್ಕಂದಿನಲ್ಲಿ ಅಜ್ಜನ ಕಹಿ ಔಷಧಿ ಕುಡಿದು ಬೆಳೆದವಳು, ದೊಡ್ಡಪ್ಪ ಎಂದೇ ಕರೆಯುವವಳು. ಅಜ್ಜನಿಗೆ ಇದು ಸೊಸೆಯ ಸಂಚೆಂದು ತಕ್ಷಣ ಗೊತ್ತಾಯಿತು. ಗೊತ್ತಾದರೂ ಅವಳಿಗೆ ಒಳ್ಳೆಯ ಕುರ್ಚಿಯನ್ನೇ ಎಳೆದುಕೊಟ್ಟ.

ಅವಳು ಅರ್ಜಿಯ ಮಾತೆತ್ತದೆ ಅಂಗಡಿಯ ಸುದ್ದಿ ಹೇಳತೊಡಗಿದಳು. ಅಜ್ಜನ ಕಾಲದಲ್ಲಿ ಕಪಾಟಿನಲ್ಲಿ ಇಪ್ಪತ್ತು ಮೂವತ್ತು ಸೀಸೆ, ಈಗ ಸಾವಿರದ ಮೇಲೆ ಔಷಧಿ. ಒಂದೇ ಬಣ್ಣದ ಡಬ್ಬಿಗಳು, ಅಣ್ಣತಮ್ಮಂದಿರಂತೆ ಕಾಣುವ ಹೆಸರುಗಳು, ಒಂದೇ ಔಷಧಿಯಲ್ಲಿ ಹೆಚ್ಚು ಕಡಿಮೆ ಎಂದು ನಾಲ್ಕು ಪ್ರಮಾಣದ ಮಾತ್ರೆಗಳು. ಯಾವುದನ್ನು ತಂಪಿನಲ್ಲಿಡಬೇಕು, ಯಾವುದರ ಅವಧಿ ಮುಗಿಯುತ್ತಿದೆ, ಡಾಕ್ಟರ ಬರಹದಲ್ಲಿ ಅನುಮಾನ ಬಂದರೆ ಏನು ಮಾಡಬೇಕು, ಇದೆಲ್ಲ ಟೆಕ್ನಿಷಿಯನ್ ಕಲಿಯಬೇಕು. ಔಷಧಿ ಬದಲಿಸುವ, ಅಳತೆ ಹೆಚ್ಚುಕಡಿಮೆ ಮಾಡುವ ಅಧಿಕಾರ ಅವರಿಗಿಲ್ಲ. ಅನುಮಾನ ಬಂದ ಕೂಡಲೇ ಕೈ ನಿಲ್ಲಿಸಿ ಫಾರ್ಮಸಿಸ್ಟನ್ನು ಕರೆಯಬೇಕು, ಅಷ್ಟೇ.

"ಒಬ್ರು ತುಂಬಿದ್ದನ್ನ ಇನ್ನೊಬ್ರು ಓದಿ ನೋಡದೆ ನಮ್ಮಲ್ಲಿ ಯಾವ ಔಷಧೀನೂ ಹೊರಗೆ ಹೋಗಲ್ಲ ದೊಡ್ಡಪ್ಪ," ಎಂದಳು. "ನಾನು ತುಂಬಿದ್ರೂ ಅಷ್ಟೇ."

ಅಜ್ಜ ಬೀದಿಯ ಕಡೆ ನೋಡುತ್ತಾ ಕುಳಿತ. ಮೊಮ್ಮಗಳು ಬಂದು ತೊಡೆ ಹತ್ತಿದಳು, ಅದೂ ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ಯಾರನ್ನೂ ನೋಡದೆ, ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದ.

ಹೆಂಡತಿ ಹತ್ತು ದಿನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಸ್ಟೂಲು ಖಾಲಿ. ಅವತ್ತು ಬೆಂಚು ತುಂಬ ಜನ. ನಿದ್ದೆ ಬಾರದ ಮುದುಕರೊಬ್ಬರಿಗೆ ಒಂದು ಸೀಸೆ, ಕೆಮ್ಮಿನ ಮಗುವೊಂದಕ್ಕೆ ಇನ್ನೊಂದು ಸೀಸೆ ತುಂಬಿದ. ಎರಡೂ ಒಂದೇ ಬಣ್ಣ. ಚೀಟಿಗಳನ್ನು ಬರೆದದ್ದು ಸರಿಯಾಗಿಯೇ, ಅಂಟಿಸಿದ್ದು ಅದಲು ಬದಲು. ಮರುದಿನ ಮುದುಕರು ಬಂದು, ಔಷಧಿ ಬಹಳ ಸಿಹಿಯಾಗಿತ್ತು, ನಿದ್ದೆ ಮಾತ್ರ ಬರಲಿಲ್ಲ ಎಂದರು. ಅಜ್ಜ ಮಗುವಿನ ಮನೆಗೆ ಓಡಿದ. ಮಗು ಹಿಂದಿನ ಸಂಜೆಯಿಂದ ಕಣ್ಣು ಬಿಟ್ಟಿರಲಿಲ್ಲ. ಕೆಮ್ಮಿ ಕೆಮ್ಮಿ ಸುಸ್ತಾಗಿದೆ, ಪಾಪ, ಮಲಗಲಿ ಎಂದು ತಾಯಿ ಅದರ ತಲೆ ಸವರುತ್ತಿದ್ದಳು. ಇದಕ್ಕಿಂತ ಒಳ್ಳೆಯ ಔಷಧಿ ತಂದಿದ್ದೇನೆ ಎಂದು ಸುಳ್ಳು ಹೇಳಿ ಸೀಸೆ ಬದಲಿಸಿದ. ಡಾಕ್ಟರಿಗೂ ಹೇಳಲಿಲ್ಲ. ಮಗು ಎದ್ದು ನೀರು ಕೇಳುವವರೆಗೆ ಆ ಮನೆಯ ಬಾಗಿಲಲ್ಲೇ ನಿಂತಿದ್ದ.

"ಇವಳು ವಾಪಸ್ ಬಂದ ಮೇಲೆ ಒಂದೊಂದು ಸೀಸೇನೂ ನಾನೇ ಅವಳ ಮುಂದೆ ಹಿಡೀತಿದ್ದೆ. ಓದು, ಅಂತಿದ್ದೆ," ಎಂದ ಅಜ್ಜ. "ನನ್ನ ಓದು ಇವರಿಗೆ ಈಗ ಹಿಡಿಸ್ತು ಅಂತ ಅವಳು ಬೀದಿಗೆಲ್ಲ ಹೇಳ್ಕೊಂಡು ಬಂದ್ಳು. ಯಾಕೆ ಅಂತ ಕೊನೇವರೆಗೂ ನಾನು ಹೇಳಲಿಲ್ಲ."

ಬಾಗಿಲ ಬಳಿ ಕೂತಿದ್ದ ಸೊಸೆ ಎದ್ದುಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

"ನಿಮಗೆ ಕೆಲಸ ಬರ್ತಿರಲಿಲ್ಲ ಅಂತ ಯಾರೂ ಹೇಳಲ್ಲ ದೊಡ್ಡಪ್ಪ," ಎಂದಳು ಎದುರುಮನೆಯವಳು. "ತಪ್ಪಾದ್ರೆ ಹೋಗಿ ಹೇಳ್ಕೊಳ್ಳೋಕೆ ನಿಮಗೊಂದು ಜಾಗ ಇರಲಿಲ್ಲ. ಈಗ ನಾವು ಬರೆದಿಡ್ತೀವಿ. ಬೈಯೋಕಲ್ಲ, ಮತ್ತೆ ಆಗದ ಹಾಗೆ ನೋಡ್ಕೊಳ್ಳೋಕೆ. ಲೈಸೆನ್ಸು ಅಂದ್ರೆ ಇದೇ. ಇವರು ಕಲಿತಿದ್ದಾರೆ, ಇವರ ಕೆಲಸಕ್ಕೆ ಇವರು ಜವಾಬ್ದಾರರು ಅಂತ."

ಅಜ್ಜ ನೀರು ಕುಡಿದು, ಮೂಗು ಒರೆಸಿಕೊಂಡು, ಅರ್ಜಿ ತರಲು ಹೇಳಿದ. ಪುಟ್ಟಿ ಸಂಜೆ ತನ್ನ ಹತ್ತಿರವೇ ಇರುತ್ತಾಳೆ, ಮಂಡಿಗೆ ಎಣ್ಣೆ ಹಚ್ಚಿಕೊಂಡರಾಯಿತು ಎಂದ.

ಆ ಆರು ತಿಂಗಳಲ್ಲಿ ಅಜ್ಜ ಎರಡು ಜಡೆ ಹೆಣೆಯಲು ಕಲಿತ. ಒಂದು ಮೇಲೆ, ಒಂದು ಕೆಳಗೆ, ಆದರೂ ಜಡೆಯೇ. ಸೊಸೆ ತರಗತಿಯಿಂದ ಬಂದರೆ, ಇವತ್ತು ಏನು ಹೇಳಿಕೊಟ್ಟರು ಎಂದು ಅನ್ನಕ್ಕಿಂತ ಮೊದಲು ಕೇಳುತ್ತಿದ್ದ. ಮೊದಲ ಸಲ ಲೆಕ್ಕದ ಪರೀಕ್ಷೆಯಲ್ಲಿ ಅವಳು ಫೇಲಾದಳು. ಅತ್ತಳು, ಬಿಟ್ಟುಬಿಡುತ್ತೇನೆ ಎಂದಳು. ಮಿಲಿಗ್ರಾಂ, ಮಿಲಿಲೀಟರಿನ ಲೆಕ್ಕವನ್ನು ಅಜ್ಜನೇ ಪಕ್ಕದಲ್ಲಿ ಕೂತು ಇಪ್ಪತ್ತು ಸಲ ಮಾಡಿಸಿದ. ಎರಡನೆಯ ಸಲ ಪಾಸಾದಳು. ಲೈಸೆನ್ಸು ಬಂದ ದಿನ ಮಗ ದಾರಿಯಿಂದಲೇ ಫೋನು ಮಾಡಿ, ಅಪ್ಪಾ, ನೀನೂ ಪಾಸಾದೆ ಎಂದ.

ಅದಾದ ಮುಂದಿನ ತಿಂಗಳು ಅಜ್ಜ ತನ್ನ ರಕ್ತದೊತ್ತಡಕ್ಕೆ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಅಂಗಡಿಗೆ ಹೋದ. ಸೊಸೆ ಎಲ್ಲರನ್ನೂ ಕೇಳುವ ಹಾಗೆ ಅವನನ್ನೂ ಹೆಸರು ಹೇಳಿ, ವಯಸ್ಸು ಹೇಳಿ ಎಂದು ಕೇಳಿದಳು. ಚೀಟಿ ಓದುತ್ತಾ ಅವಳ ಹುಬ್ಬು ಗಂಟಾಯಿತು. ಇಪ್ಪತ್ತೈದು ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು ಎಂದು ಮೊದಲಿತ್ತು. ಈಗ ಡಾಕ್ಟರು ಐವತ್ತರ ಮಾತ್ರೆ ಬರೆದಿದ್ದರು, ಆದರೂ ದಿನಕ್ಕೆ ಎರಡೇ. ಹೆಚ್ಚಿಸಿದ್ದಾರೋ, ಕೈತಪ್ಪೋ? ಅವಳು ಮಾತ್ರೆ ಮುಟ್ಟಲಿಲ್ಲ. ಕೂತಿರಿ ಮಾವ, ಎಂದು ಹೇಳಿ ಫಾರ್ಮಸಿಸ್ಟನ್ನು ಕರೆದಳು. ಫಾರ್ಮಸಿಸ್ಟ್ ಬಂದು ಡಾಕ್ಟರಿಗೆ ಫೋನು ಹಚ್ಚಿದಳು. ಬೆಂಚಿನ ಮೇಲೆ ಕಾಲು ಗಂಟೆ ಕಳೆಯಿತು.

ಪಕ್ಕದಲ್ಲಿ ಕುಳಿತಿದ್ದ, ಅದೇ ಬೀದಿಯ ಮುದಿ ಬಡಗಿಗೆ ತಾಳ್ಮೆ ಮೀರಿತು. "ನಿಮ್ಮ ಕಾಲ ಆಗಿದ್ರೆ ಇಷ್ಟೊತ್ತಿಗೆ ಹತ್ತು ಜನಕ್ಕೆ ಔಷಧಿ ಕೊಟ್ಟು ಕಳಿಸಿರ್ತಿದ್ರಿ ಕಾಂಪೌಂಡರೇ," ಎಂದ, ಎಲ್ಲರಿಗೂ ಕೇಳಿಸುವ ಹಾಗೆ.

ಒಂದು ಕಾಲದಲ್ಲಿ ಈ ಮಾತಿಗೆ ಅಜ್ಜ ಉಬ್ಬಿಹೋಗುತ್ತಿದ್ದ.

"ಕಳಿಸ್ತಿದ್ದೆ," ಎಂದ ಅವನೂ, ಎಲ್ಲರಿಗೂ ಕೇಳಿಸುವ ಹಾಗೆಯೇ. "ಒಂದು ಸಲ ಮಗೂಗೆ ತಪ್ಪು ಔಷಧೀನೂ ಕೊಟ್ಟು ಕಳಿಸಿದ್ದೆ. ಕೂತ್ಕೊಳಪ್ಪ, ಅವಳು ಕೇಳ್ಕೊಂಡು ಕೊಡಲಿ."

ಓದುಗರೇ, ಐವತ್ತರ ಮಾತ್ರೆ ದಿನಕ್ಕೆ ಒಂದೇ ಸಾಕಿತ್ತು ಎಂದು ಆ ಡಾಕ್ಟರು ಹೇಳಿದರು. ಅಜ್ಜ ಇಂದಿಗೂ ಗಟ್ಟಿಮುಟ್ಟಾಗಿದ್ದಾನೆ, ಕೆಮ್ಮುತ್ತಾ ಬಂದವರನ್ನು ಡಾಕ್ಟರ ಹತ್ತಿರ ಕಳಿಸುತ್ತಾನೆ. ಔಷಧಿ ಕೊಡುವವರು ಹೆಸರು ಕೇಳಿದರೆ, ಕಾಯಿಸಿದರೆ, ಇನ್ನೊಬ್ಬರನ್ನು ಕರೆದು ತೋರಿಸಿದರೆ ಸಿಡುಕಬೇಡಿ. ಮೆಟ್ಟಿಲ ಪಕ್ಕ ಕೂತವರ ಅಂದಾಜನ್ನು ನಂಬಿ ಮಾತ್ರೆ ನುಂಗಬೇಡಿ. ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ತಮ್ಮನೋ ಈ ಕೆಲಸ ಕಲಿಯಬೇಕೆಂದರೆ, ನಿಮ್ಮ ಕಡೆಯ ನಿಯಮವೇನು, ಮಾನ್ಯತೆ ಇರುವ ತರಗತಿ ಎಲ್ಲಿ ನಡೆಯುತ್ತದೆ ಎಂದು ಹತ್ತಿರದ ಸರ್ಕಾರಿ ಆಸ್ಪತ್ರೆಯ ಫಾರ್ಮಸಿಸ್ಟರನ್ನು ಈ ವಾರವೇ ಹೋಗಿ ಕೇಳಿ. ಅವರು ಓದುವ ಸಂಜೆಗಳಲ್ಲಿ ಮಗುವನ್ನು ನೀವು ಎತ್ತಿಕೊಳ್ಳಿ.