ವಾಡೆಯ ಅಂಗಳದ ಹೋರಿ

"ಲೇ ಸಾತ್ಯಾ, ಸತ್ತ ಆಕಳಾ ನೋಡ್ಕೋತ ಏನ್ ನಿಂತೀಯೋ ಸೂಳಿಮಗನ? ನಿಮ್ಮಪ್ಪನ ಹೆಣ ಅಲ್ಲದು. ಹಗ್ಗಾ ಹಚ್ಚಿ ಎಳಿ."

ಬಾಳಾಸಾಹೇಬ ದೇಸಾಯಿ ಮೂಗಿಗೆ ವಲ್ಲಿ ಒತ್ತಿಕೊಂಡು ಬದುವಿನ ಮೇಲೆ ನಿಂತಿದ್ದ. ಕಬ್ಬಿನ ಅಂಚಿನಲ್ಲಿ ಬಿದ್ದ ಆಕಳ ಕುತ್ತಿಗೆಯಲ್ಲಿ ನಾಲ್ಕು ತೂತು, ತೊಡೆ ಅರ್ಧ ಖಾಲಿ. ಊರಲ್ಲಿ ಸತ್ತ ದನವನ್ನು ಸೂರ್ಯ ಮುಳುಗುವ ಮುಂಚೆ ಮಾದರ ಕೇರಿಗೆ ಎಳೆದೊಯ್ಯುವುದು ಸಾತಪ್ಪನ ಮನೆತನದ ಪಾಲಿಗೆ ಬಂದ ಕೆಲಸ. ಅಜ್ಜ ಎಳೆದ, ಅಪ್ಪ ಎಳೆದ, ಈಗ ಇವನ ಹೆಗಲು. ಹಾಲು ದೇಸಾಯಿಯ ವಾಡೆಗೆ, ಹೆಣ ಕೇರಿಗೆ. ಯಾವ ಪುಣ್ಯಾತ್ಮ ಹಂಚಿದ್ದನೋ, ಹಂಚಿಕೆ ಬಲು ಪಸಂದಾಗಿತ್ತು.

ಚರ್ಮ ಸುಲಿಯುವವನಿಗೆ ಹಲ್ಲಿನ ಗುರುತು ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಚಿರತೆ ಹೊಡೆದದ್ದು. ಅರ್ಧ ಬಿಟ್ಟು ಹೋದದ್ದನ್ನು ತಿನ್ನಲು ಅದು ಮತ್ತೆ ಬಂದೇ ಬರುತ್ತದೆ, ಎರಡು ದಿನ ಇಲ್ಲೇ ಬಿಡಿ ಎಂದು ಸಾತಪ್ಪ ಕೈಮುಗಿದು ಬೇಡಿಕೊಂಡ. ಎಳೆದರೆ ವಾಸನೆ ಹಿಡಿದು ಎಳೆದ ಜಾಡಿನಲ್ಲೇ ಊರೊಳಗೆ ಬರುತ್ತದೆ ಎಂದ. ಕಬ್ಬು ಕಡಿಯುವ ಆಳುಗಳು ಹೆಣ ನೋಡಿ ಹೆದರಿ ಓಡಿಹೋದಾರು ಎಂಬುದು ದೇಸಾಯಿಯ ಚಿಂತೆ.

"ಬಂದ್ರ ಎಲ್ಲಿಗಿ ಬರ್ತೈತಿ? ನಿಮ್ಮ ಕೇರಿಗಿ. ಬರ್ಲಿ ಬಿಡು," ಎಂದ.

ಮರುದಿನ ದೀಪ ಹಚ್ಚುವ ಹೊತ್ತಿಗೆ ಅದು ಬಂತು. ಅಷ್ಟರಲ್ಲಿ ಆಕಳ ಎಲುಬಷ್ಟೇ ಉಳಿದಿತ್ತು. ಸಾತಪ್ಪನ ಹೆಂಡತಿ ಸಾವಂತ್ರವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆರು ವರ್ಷದ ಮಗಳು ಗೌರವ್ವ ಹೊಸ್ತಿಲಾಚೆ ಕೂತು ಹುಣಸೆ ಬೀಜ ಆಡುತ್ತಿದ್ದಳು. ತಾಯಿ ಊಟಕ್ಕೆ ಕರೆದಾಗ ಅಲ್ಲಿ ಬೀಜಗಳು ಮಾತ್ರ ಇದ್ದವು.

ಬೆಳಗಾದ ಮೇಲೆ ಅದೇ ಕಬ್ಬಿನಲ್ಲಿ ಸಿಕ್ಕಳು. ಸಾತಪ್ಪ ಜೀವಮಾನದಲ್ಲಿ ಎಷ್ಟೋ ಹೆಣ ಎತ್ತಿದ್ದ. ಮಗಳನ್ನು ಎತ್ತಲು ಕೈ ಬರಲಿಲ್ಲ. ಸಾವಂತ್ರವ್ವನೇ ಸೆರಗಿನಲ್ಲಿ ಕಟ್ಟಿಕೊಂಡು ತಂದಳು.

ಕೇರಿಯಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನೆಂದರೆ ದುಂಡಪ್ಪ ಒಬ್ಬನೇ. ಬೋನು ಇಡಿಸಿ ಎಂದು ಅವನು ಅರ್ಜಿ ಬರೆದ. ಅವನೂ ಸಾತಪ್ಪನೂ ಖಾನಾಪುರದ ತನಕ ನಡೆದು, ರೈಲು ಹತ್ತಿ ಬೆಳಗಾವಿಗೆ ಹೋದರು. ಅರಣ್ಯ ಕಚೇರಿಯ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕೂತರು. ಬೋನು ಕಚೇರಿಯ ಹಿತ್ತಲಲ್ಲೇ ಇತ್ತು. ಅದರೊಳಗೆ ಸಾಹೇಬನ ಕೋಳಿಗಳು ಕಾಳು ಹೆಕ್ಕುತ್ತಿದ್ದವು. ಸಾಹೇಬ ಅರ್ಜಿಯನ್ನು ಮುಟ್ಟದೆ, ಮೇಜಿನ ತುದಿಯಲ್ಲಿಡಿಸಿ ಓದಿದ.

"ಅಡವ್ಯಾಗ ಇದ್ರ ನಂದು. ಕಬ್ಬಿನ್ಯಾಗ ಇದ್ರ ನಿಮ್ದು. ಚಿರತಿ ಅಂತ ನಿಮ್ಮ ಚೇರಮನ್ನರು ಬರದು ಕೊಡ್ಲಿ, ನೋಡೂಣು."

ಚಿರತೆಗೆ ವಿಷ ಹಾಕಿದರೆ, ಉರುಲು ಒಡ್ಡಿದರೆ ಜೈಲು, ಈಗ ಕಾಯ್ದೆ ಬಂದಿದೆ ಎಂದೂ ಹೆದರಿಸಿ ಕಳಿಸಿದ. ಅದರ ಮೈ ಮುಟ್ಟಿದರೆ ಜೈಲು. ಗೌರವ್ವನ ಮೈಗೆ ಯಾವ ಕಾಯ್ದೆಯೂ ಇರಲಿಲ್ಲ.

ಪಂಚಾಯ್ತಿಯ ಚೇರಮನ್ ಇನ್ಯಾರು, ದೇಸಾಯಿಯೇ. ಅವನು ಅರಣ್ಯದ ಗಡಿಕಲ್ಲು ಕಿತ್ತು ಆಚೆಗೂ ಕಬ್ಬು ಹಚ್ಚಿದ್ದ. ಬೋನು ಹೊತ್ತುಕೊಂಡು ಬಂದವರು ಕಲ್ಲು ಹುಡುಕಿದರೆ ಗತಿಯೇನು? ಹಾಗಾಗಿ ಅವನು ಬರೆಸಿದ ಕಾಗದದಲ್ಲಿ ಗೌರವ್ವ ಸತ್ತದ್ದು ನಾಯಿ ಕಚ್ಚಿ. ಸಾವಂತ್ರವ್ವ ವಾಡೆಯ ಬಾಗಿಲಲ್ಲಿ ಉದ್ದಕ್ಕೆ ಬಿದ್ದು, ಖರೇ ಬರೀರಿ ಧಣ್ಯಾರ ಎಂದು ಅತ್ತಳು.

"ನಿಮ್ಮ ಕೇರ್ಯಾಗ ನಾಯಿಗೇನ್ ಬರಾ?" ದೇಸಾಯಿ ಎಲೆಯಡಿಕೆ ಉಗುಳಿದ. "ಸತ್ತ ದನಾ ತಿಂದು ಕೊಬ್ಬ್ಯಾವ, ನಿಮ್ಮಾಂಗ."

ಸಾತಪ್ಪ ಹೆಂಡತಿಯನ್ನು ಎಬ್ಬಿಸಿಕೊಂಡು ಬಂದ.

ತಿಂಗಳು ತುಂಬುವಷ್ಟರಲ್ಲಿ ಕಬ್ಬಿನ ಬದಿಯಲ್ಲಿ ದೇಸಾಯಿಯ ಬಿಳಿ ಹೋರಿ ಸತ್ತು ಬಿತ್ತು. ಕುತ್ತಿಗೆಯಲ್ಲಿ ಅವೇ ನಾಲ್ಕು ತೂತು. ಎಳೆಯಲು ವಾಡೆಯಿಂದ ಹೇಳಿಕೆ ಬಂತು. ಸಾತಪ್ಪ ಎರಡು ಹಗ್ಗ ಹಿಡಿದು, ಕೇರಿಯ ಹತ್ತು ಮಂದಿಯನ್ನು ಕರೆದುಕೊಂಡು ಹೋದ. ಹಳ್ಳದ ದಾರಿಯಲ್ಲಿ ಕೇರಿಗೆ ತಿರುಗಲಿಲ್ಲ. ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾದ ದೊಡ್ಡ ಬೀದಿಗೆ, ಚಪ್ಪಲಿ ಮೆಟ್ಟಿಕೊಂಡೇ, ಹೋರಿಯನ್ನು ಎಳೆದರು. ಜನ ಬಾಯಿ ತೆರೆದು ನೋಡಿದರು. ಸಾವಂತ್ರವ್ವ ಹಿಂದಿನಿಂದ ಓಡಿ ಬಂದಳು.

"ವಾಡೇದಾಗ ಅವರ ಮೊಮ್ಮಗಳು ಅದಾಳ. ನಮ್ಮ ಗೌರಿ ವಾರಿಗಿ, ಆರೇ ವರ್ಷದಾಕಿ."

"ಗೊತ್ತೈತಿ," ಎಂದ ಸಾತಪ್ಪ.

ಅವಳು ಸ್ವಲ್ಪ ದೂರ ಜೊತೆಗೆ ನಡೆದಳು. ಆಮೇಲೆ ಹಗ್ಗಕ್ಕೆ ಕೈ ಹಚ್ಚಿದಳು.

ವಾಡೆಯ ಅಂಗಳದ ನಡುವೆ ಹೋರಿಯನ್ನು ಬಿಟ್ಟು, ಸಾತಪ್ಪ ಸುಲಿಯುವ ಚೂರಿಯಿಂದ ಅದರ ಹೊಟ್ಟೆ ಸೀಳಿದ. ನಂತರ ಎಲ್ಲರೂ ಬಂದ ದಾರಿಯಲ್ಲೇ ತಿರುಗಿ ಹೋದರು. ದೇಸಾಯಿಯ ಬೈಗುಳ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.

ಬೈದರೆ ಹೋರಿ ಏಳುತ್ತದೆಯೇ? ದೇಸಾಯಿ ಆಳುಗಳನ್ನು ಕರೆದ. ಸತ್ತ ದನ ಮುಟ್ಟಿದರೆ ಮೈಲಿಗೆ, ಕುಲ ಹೊರಗಿಡುತ್ತದೆ ಎಂದು ಒಬ್ಬೊಬ್ಬರೇ ಜಾರಿಕೊಂಡರು. ವಾಡೆಯೇ ಕಲಿಸಿದ ಪಾಠ, ಚೆನ್ನಾಗಿಯೇ ಕಲಿತಿದ್ದರು. ಕರುಳು ಬಿಸಿಲಿಗೆ ಉಬ್ಬಿ ನಾರತೊಡಗಿತು.

ಹೊತ್ತು ಇಳಿಯುವಾಗ ದೇಸಾಯಿ ಕೇರಿಗೆ ಬಂದ. ಹುಟ್ಟಿದಂದಿನಿಂದ ಅವನ ಕಾಲು ಆ ಮಣ್ಣು ತುಳಿದಿರಲಿಲ್ಲ. ಮೊದಲು ಕೇರಿಗೆ ಬೆಂಕಿ ಹಚ್ಚುತ್ತೇನೆಂದ. ಯಾರೂ ಕದಲದಿದ್ದಾಗ ಕಿಸೆಯಿಂದ ಕಾಗದ ತೆಗೆದು ನೆಲಕ್ಕೆಸೆದ. ದುಂಡಪ್ಪ ಎತ್ತಿಕೊಂಡು ಗಟ್ಟಿಯಾಗಿ ಓದಿದ: ಸಾತಪ್ಪನ ಮಗಳು ಗೌರವ್ವ ಸತ್ತದ್ದು ಚಿರತೆಯಿಂದ, ಬೋನು ಇಡಬೇಕು. ಕೆಳಗೆ ಸಹಿ ಇತ್ತು, ಪಂಚಾಯ್ತಿಯ ಠಸ್ಸೆಯೂ ಒತ್ತಿತ್ತು. ಸಾತಪ್ಪ ಕಾಗದವನ್ನು ಮಡಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡ. ಮತ್ತೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತ.

"ಏಳೋ ಸಾತಪ್ಪ," ಎಂದ ದೇಸಾಯಿ. ಪೂರ್ತಿ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಬರದು ಕೊಟ್ಟೇನಲ್ಲೋ."

"ಬರದ್ರಿ ಖರೇ. ನಾಳಿ ಬೆಳಗ್ಗೆ ಬಂದು ಎಳೀತೇನ್ರಿ."

"ಇವತ್ತ ಬಂತಂದ್ರ? ಮನ್ಯಾಗ ಕೂಸೈತೋ."

"ನಂ ಮನಿಗಿ ಕದಾ ಇರ್ಲಿಲ್ರಿ, ತಟ್ಟಿ ಇತ್ತು. ನಿಮಗ ಕದಾ ಐತಿ. ಹಾಕ್ಕೋರಿ."

ದೇಸಾಯಿ ಸಾವಂತ್ರವ್ವನ ಕಡೆ ನೋಡಿದ. ಅವಳೂ ಅವನನ್ನೇ ದಿಟ್ಟಿಸಿದಳು. ಹೊತ್ತು ಮುಳುಗಲು ಇನ್ನೊಂದು ಮಾರು ಉಳಿದಿತ್ತು. ಕಬ್ಬಿನಿಂದ ವಾಡೆಯವರೆಗೆ ದೊಡ್ಡ ಬೀದಿಯ ಧೂಳಿನಲ್ಲಿ ಹೋರಿಯನ್ನು ಎಳೆದ ಹಸಿ ಜಾಡು ಬಿದ್ದಿತ್ತು. ದೇಸಾಯಿ ಅದರ ಮೇಲೆಯೇ ಮನೆಗೆ ನಡೆದ.