ಹುಲಿಯ ಎಡ ಕುಂಡೆ

ಮಗ ಮೂಡುಬಿದಿರೆಯ ಚರ್ಮದ ಡಾಕ್ಟರಲ್ಲಿಗೆ ಹೋಗುತ್ತಾನೆಂದು ಗೊತ್ತಾದ ಕೂಡಲೇ ನೀಲಾವತಿಗೆ ಸಂಶಯ ಬಂತು. ನವರಾತ್ರಿಗೆ ಒಂದು ತಿಂಗಳೂ ಇರಲಿಲ್ಲ. ಬಣ್ಣ ಮೈಗೆ ಆಗುವುದಿಲ್ಲವೆಂದು ಡಾಕ್ಟರರ ಕೈಯಲ್ಲಿ ಹೇಳಿಸಿ ಭವಿತ್ ಈ ಸಲವೂ ಹುಲಿವೇಷ ತಪ್ಪಿಸುತ್ತಾನೆಂದು ಅವಳು ಲೆಕ್ಕ ಹಾಕಿದಳು. ನೀಲಾವತಿಯ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ, ತಪ್ಪಿದರೂ ಅವಳು ಒಪ್ಪುವುದಿಲ್ಲ. ಸೀರೆ ಬದಲಿಸಿ, ಮಗನಿಗಿಂತ ಮೊದಲೇ ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ನಿಂತಳು.

ಹುಲಿವೇಷ ಅವಳದೇ ಹರಕೆ. ಭವಿತ್ ಸಣ್ಣವನಿದ್ದಾಗ ಮುಂಡಾಜೆಯ ಅಜ್ಜಿಮನೆಯಲ್ಲಿ ಅವನಿಗೆ ಜ್ವರ ಬಂದಿತ್ತು. ಯಾರೋ ಒಬ್ಬ ಕಂಪೌಂಡರ್ ಕುಂಡೆಗೆ ಸೂಜಿ ಚುಚ್ಚಿದ. ಜ್ವರ ಇಳಿಯಿತು, ಚುಚ್ಚಿದ ಜಾಗ ಬಾತು ಕೀವಾಯಿತು. ಬೆಳ್ತಂಗಡಿಗೆ ಎತ್ತಿಕೊಂಡು ಹೋಗಿ ಕೊಯ್ಯಿಸಿ ಕೀವು ತೆಗೆಸಿದರು. ಮಗು ಕಾಲೂರದೆ ಮಲಗಿದ್ದ ಆ ದಿನಗಳಲ್ಲಿ, ಇವನೊಮ್ಮೆ ಎದ್ದು ನಡೆದರೆ ದೊಡ್ಡವನಾದ ಮೇಲೆ ನವರಾತ್ರಿಗೆ ಹುಲಿವೇಷ ಹಾಕಿಸುತ್ತೇನೆಂದು ನೀಲಾವತಿ ದೇವಿಗೆ ಹೇಳಿಕೊಂಡಳು. ಹುಡುಗ ನಡೆದ, ಓಡಿದ, ಮರ ಹತ್ತಿದ. ಈಗ ಬಿ.ಸಿ. ರೋಡಿನಲ್ಲಿ ಏಸಿ ಜೋಡಿಸುವ ಕೆಲಸ, ಎತ್ತರದ ಗೋಡೆಗಳಿಗೆ ಹಲ್ಲಿಯ ಹಾಗೆ ಅಂಟಿಕೊಂಡು ನಿಲ್ಲುತ್ತಾನೆ. ಹುಲಿವೇಷದ ಮಾತೆತ್ತಿದರೆ ಮಾತ್ರ ಒಂದು ವರ್ಷ ಬೆನ್ನುನೋವು, ಇನ್ನೊಂದು ವರ್ಷ ಕೆಲಸದ ಗಡಿಬಿಡಿ. ತೀರದ ಹರಕೆ ನೀಲಾವತಿಯ ಎದೆಯ ಮೇಲೆ ಕೂತುಬಿಟ್ಟಿತ್ತು. ಮಗ ಸುಮ್ಮನೆ ಕೆಮ್ಮಿದರೂ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

ಡಾಕ್ಟರ್ ರಾಫಿಯಾ ಪುತ್ತಿಗೆ ಕಡೆಯವರು, ಮೆಲ್ಲಗೆ ಮಾತಾಡುವ ಹೆಂಗಸು. ಅಮ್ಮನಿಗೆ ಹೊರಗೆ ಕೂರಲು ಭವಿತ್ ಹೇಳಿದ. ನೀಲಾವತಿ ಕೇಳಿಸದವಳ ಹಾಗೆ ಅವನಿಗಿಂತ ಮೊದಲೇ ಒಳಗೆ ಹೋಗಿ ಕುರ್ಚಿ ಹಿಡಿದಳು. ಇವರು ಇರಬಹುದಾ ಎಂದು ಡಾಕ್ಟರ್ ಕೇಳಿದರು. ಇರಲಿ ಎಂದ ಭವಿತ್. ಆಮೇಲೆ ಗೋಡೆ ನೋಡಿಕೊಂಡೇ ಹೇಳಿದ:

"ನನ್ನ ಎಡ ಕುಂಡೆಯಲ್ಲಿ ಒಂದು ಗುಂಡಿ ಉಂಟು ಡಾಕ್ಟ್ರೇ. ಆಪರೇಷನ್ ಇಲ್ಲದೆ, ಇಂಜೆಕ್ಷನ್‌ನಲ್ಲೇ ಅದನ್ನು ತುಂಬಿಸ್ಲಿಕ್ಕೆ ಆಗ್ತದಾ? ನವರಾತ್ರಿಗೆ ಮೊದಲು ಆಗ್ಬೇಕು."

ನೀಲಾವತಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಸೂಜಿಯಿಂದಾದ ಗುಂಡಿಯನ್ನು ಸೂಜಿಯಿಂದಲೇ ಮುಚ್ಚುವುದೆಂದರೆ ಏನು ಕಥೆ!

ಡಾಕ್ಟರ್ ಕೇಳಿದ ಹಾಗೆ ಕೇಳಿದ ಹಾಗೆ ಭವಿತ್ ಒಂದೊಂದೇ ಹೊರಗೆ ಹಾಕಿದ. ಹುಲಿಗೆ ಮೈಮೇಲೆ ಇರುವುದು ಒಂದು ಬಿಗಿ ಚಡ್ಡಿ, ಉಳಿದದ್ದೆಲ್ಲ ಬಣ್ಣ. ಮೈಯ ಒಂದು ತಗ್ಗನ್ನೂ ಅದು ಮುಚ್ಚುವುದಿಲ್ಲ. ಹಿಂದೊಮ್ಮೆ ಅವನು ಬಣ್ಣಕ್ಕೆ ಹೋಗಿಯೂ ಇದ್ದನಂತೆ. ಚಡ್ಡಿ ಹಾಕಿ ನಿಂತದ್ದನ್ನು ಹಿಂದಿನಿಂದ ಯಾರೋ ಫೋಟೋ ತೆಗೆದು, ಪಂಕ್ಚರ್ ಹುಲಿ ಎಂದು ಬರೆದು ತಂಡದ ಗ್ರೂಪಿಗೆ ಹಾಕಿದರಂತೆ. ಮನೆಗೆ ಬಂದು ಬೆನ್ನುನೋವೆಂದು ಮಲಗಿದ್ದು ಆ ವರ್ಷ. ಅವತ್ತು ಮಗನಿಗೆ ದೇವರ ಮೇಲೆ ಭಕ್ತಿಯಿಲ್ಲವೆಂದು ನೀಲಾವತಿ ಬಾಯಿಗೆ ಬಂದ ಹಾಗೆ ಬೈದಿದ್ದಳು. ಈಗ ಅವಳಿಗೆ ತಲೆಯೆತ್ತಲಿಕ್ಕೆ ಆಗಲಿಲ್ಲ.

ಡಾಕ್ಟರ್ ಅವನನ್ನು ಮಲಗಿಸಲಿಲ್ಲ. ಮಲಗಿದರೆ ಮಾಂಸ ಹರಡಿ ತಗ್ಗು ಸುಳ್ಳು ಹೇಳುತ್ತದೆ ಎಂದು ನಿಲ್ಲಿಸಿಯೇ ನೋಡಿದರು. ಕೋಣೆಯ ದೀಪ ಆರಿಸಿ ಒಂದು ಸಣ್ಣ ದೀಪವನ್ನು ಪಕ್ಕದಿಂದ ಹಿಡಿದರು. ನೀಲಾವತಿ ಗೋಡೆ ನೋಡಬೇಕೆಂದಿದ್ದವಳು ಮಗನನ್ನೇ ನೋಡಿದಳು. ಸಣ್ಣವನಿದ್ದಾಗ ನೆಲ್ಲಿಕಾಯಿಯಷ್ಟಿದ್ದ ಗುಂಡಿ ಅವನ ಜೊತೆಗೇ ಬೆಳೆದು ಅಂಗೈ ಅಗಲವಾಗಿತ್ತು. ಡಾಕ್ಟರ್ ಪೆನ್ನಿನಿಂದ ಅದರ ಸುತ್ತ ಒಂದರೊಳಗೆ ಒಂದು ಗೆರೆ ಎಳೆಯುತ್ತ ಹೋದರು. ಎಲ್ಲಿ ಆಳ, ಎಲ್ಲಿ ಚರ್ಮ ಒಳಗೆ ಕಚ್ಚಿಕೊಂಡಿದೆ, ಎಲ್ಲಿ ಬರೀ ನೆರಳು ಎಂದು ಬೆರಳಲ್ಲೇ ಓದಿದರು. ಮಗನ ಮೈ ಇಷ್ಟು ಜಾಗ್ರತೆಯಿಂದ ನೋಡುವಂಥದ್ದೆಂದು ಹೆತ್ತವಳಿಗೇ ಗೊತ್ತಿರಲಿಲ್ಲ.

ಮೊದಲು ಒಳಗೆ ಕಚ್ಚಿಕೊಂಡ ಎಳೆಗಳನ್ನು ಸೂಜಿಯಿಂದ ಬಿಡಿಸಬೇಕು, ಆಮೇಲೆ ಕೆಲವು ತಿಂಗಳ ಅಂತರದಲ್ಲಿ ಔಷಧ ಚುಚ್ಚಬೇಕು ಎಂದು ಡಾಕ್ಟರ್ ವಿವರಿಸಿದರು. ಔಷಧ ತಾನೇ ಗುಂಡಿ ತುಂಬುವುದಿಲ್ಲವಂತೆ. ಅದು ಒಳಗೆ ಹೋಗಿ ಮೈಯನ್ನು ಎಬ್ಬಿಸುತ್ತದೆ, ತುಂಬುವ ಕೆಲಸ ಮೈಯೇ ಮಾಡುತ್ತದೆ, ಅದೂ ತಡವಾಗಿ. ಬಾವು ಬರಬಹುದು, ಗಂಟೂ ಆಗಬಹುದು. ಕಡಿಮೆಗೆ ಆಗುತ್ತದೆಂದು ಎಲ್ಲೆಲ್ಲೋ ಹೋಗಿ ಏನೇನೋ ಚುಚ್ಚಿಸಿಕೊಳ್ಳಬಾರದು. ಇಷ್ಟು ಹೇಳಿ, ಸೂಜಿ ಎಲ್ಲಿಯವರೆಗೆ ಹೋಗಬಹುದೆಂದು ನೋಡಲು ಸ್ಕ್ಯಾನಿಂಗ್ ಯಂತ್ರವನ್ನು ಹತ್ತಿರ ಎಳೆದುಕೊಂಡರು.

ಪರದೆಯ ಮೇಲೆ ಬೂದು ಬಣ್ಣದ ಅಲೆಗಳು. ಅಲ್ಲಿ ಬಾಳೆದಿಂಡನ್ನು ಅಡ್ಡ ಕೊಯ್ದ ಹಾಗೆ ತೂತು ತೂತಾದ ಒಂದು ಬಿಳಿ ಬಿಲ್ಲೆ. ಡಾಕ್ಟರ್ ಕೈ ಅಲ್ಲೇ ನಿಂತಿತು. ಸ್ವಲ್ಪ ಆಚೀಚೆ ಸರಿಸಿ ಮತ್ತೆ ಅದಕ್ಕೇ ಬಂದರು.

"ಇದು ಕಾಲಿನ ದೊಡ್ಡ ನರ. ಇದು ನಿಮ್ಮ ಹಳೇ ಗಾಯ. ನಡುವೆ ಎಷ್ಟು ಜಾಗ ಉಂಟು ನೋಡಿ."

ನಡುವೆ ಒಂದು ಅಕ್ಕಿಕಾಳು ಇಡುವಷ್ಟು ಜಾಗವಿತ್ತು. ಸೂಜಿ ಬಿದ್ದದ್ದೇ ತಪ್ಪು ಜಾಗಕ್ಕೆ, ಕೀವು ತಿನ್ನುತ್ತ ಬಂದು ಅಲ್ಲಿಗೆ ನಿಂತಿದೆ, ನರಕ್ಕೆ ಮುಟ್ಟಿದ್ದರೆ ಪಾದ ಎತ್ತಲಿಕ್ಕೆ ಆಗುತ್ತಿರಲಿಲ್ಲ, ಜೀವನಪೂರ್ತಿ ಎಳೆದುಕೊಂಡೇ ನಡೆಯಬೇಕಿತ್ತು ಎಂದರು. ಅಲ್ಲಿಗೇ ಯಾಕೆ ನಿಂತಿತು ಎಂದು ನೀಲಾವತಿ ಕೇಳಿದಳು. ಅದು ತನಗೂ ಗೊತ್ತಿಲ್ಲವೆಂದರು ಡಾಕ್ಟರ್.

ನೀಲಾವತಿ ಎದ್ದು ಚಪ್ಪಲಿ ಕಳಚಿ ಯಂತ್ರದ ಎದುರು ನಿಂತಳು. ದೇವಿ ಮಗನನ್ನು ನಡೆಸಿದ್ದಾಳೆಂದು ಇಷ್ಟು ವರ್ಷ ನಂಬಿದ್ದಳು. ಎಲ್ಲಿ ತಡೆದಳೆಂದು ಕಣ್ಣಾರೆ ಕಂಡದ್ದು ಇವತ್ತು. ಕೈ ತಾನಾಗಿ ಮುಗಿಯಿತು. ಡಾಕ್ಟರ್ ಪರದೆಯನ್ನು ಆರಿಸದೆ ಸುಮ್ಮನೆ ಕಾದರು.

ನವರಾತ್ರಿಗೆ ಮೊದಲು ಇದು ಆಗುವ ಮಾತಲ್ಲ. ಚುಚ್ಚಿದ ಮೇಲೆ ವಾರಗಟ್ಟಲೆ ಎಣ್ಣೆಬಣ್ಣ ಬಳಿಯಬಾರದು, ಲಾಗ ಹಾಕಬಾರದು. ತುಂಬಿದ್ದು ಕಾಣಲಿಕ್ಕೆ ಅರ್ಧ ವರ್ಷವಾದರೂ ಬೇಕು ಎಂದರು ಡಾಕ್ಟರ್. ಭವಿತ್ ಮುಖ ಇಳಿಯಿತು. ಆಗ ನೀಲಾವತಿಯೇ ಹೇಳಿದಳು:

"ಮುಂದಿನ ವರ್ಷ ಹಾಕುವ ಮಗಾ. ದೇವಿಗೆ ನಾನು ಹೇಳ್ತೇನೆ."

ಬಸ್ಸಿನಲ್ಲಿ ಭವಿತ್ ಎಡಗಾಲನ್ನೇ ನೋಡುತ್ತಿದ್ದ. ಇಳಿಯುವಾಗ, ಈ ವರ್ಷವೇ ಹಾಕುತ್ತೇನೆ, ಹೀಗೇ ಹಾಕುತ್ತೇನೆ ಎಂದ.

ಹಾಕಿದ. ಬಿದಿರ ಗಳ ಹಿಡಿದು ನಿಂತು, ಹಳದಿ ಒಣಗಿಸಿಕೊಂಡು, ಅದರ ಮೇಲೆ ಕಪ್ಪು ಪಟ್ಟೆ ಬರೆಸಿಕೊಂಡ. ಪಟ್ಟೆಗಳು ಬಿಗಿ ಚಡ್ಡಿಯ ಮೇಲೂ ಹಾದು ತಗ್ಗಿನೊಳಗೆ ಇಳಿದು ಆಚೆ ಹತ್ತಿದವು. ತಾಸೆ ವಾದ್ಯದ ಬಡಿತಕ್ಕೆ ಹುಲಿಗಳು ಬಂಟ್ವಾಳ ಪೇಟೆಗೆ ಇಳಿದಾಗ ನೀಲಾವತಿ ಅಂಗಡಿಯ ಮೆಟ್ಟಿಲ ಮೇಲಿದ್ದಳು. ಅವಳ ಮಗ ನೆಲ ನಡುಗುವ ಹಾಗೆ ಕುಣಿದ. ಇದು ತಾನು ಎತ್ತಿ ಆಡಿಸಿದ ಮಗು ಎಂಬುದೇ ಅವಳಿಗೆ ಮರೆತುಹೋಯಿತು, ಹುಲಿಯೇ ಕಂಡಿತು, ಹೆದರಿಕೆಯೂ ಆಯಿತು.

ಪಕ್ಕದಲ್ಲಿ ವಿಡಿಯೋ ಮಾಡುತ್ತಿದ್ದ ಹುಡುಗಿಯೊಬ್ಬಳು, ಆ ಹುಲಿಯ ಒಂದು ಬದಿ ಒಳಗೆ ಹೋಗಿದೆ ನೋಡು ಎಂದು ಗೆಳತಿಗೆ ತೋರಿಸಿ ಕಿಸಕ್ಕೆಂದಳು. ತಾಸೆ ಆಗಷ್ಟೇ ನಿಂತಿತ್ತು. ಹುಲಿ ಅವರಿಗೆ ಬೆನ್ನು ಹಾಕಿ ಏದುಸಿರು ಬಿಡುತ್ತಿತ್ತು.

"ಅವನು ನನ್ನ ಮಗ," ಎಂದಳು ನೀಲಾವತಿ, ಬೀದಿಗೇ ಕೇಳುವ ಹಾಗೆ. "ದೇವಿ ಕೈ ಅಡ್ಡ ಹಿಡಿದ ಜಾಗ ಅದು. ಸರಿಯಾಗಿ ನೋಡು."

ಹುಡುಗಿ ಫೋನ್ ಇಳಿಸಿ ಬರಿಗಣ್ಣಿನಿಂದ ನೋಡಿದಳು. ಹುಲಿ ತಿರುಗಲಿಲ್ಲ, ಆದರೆ ಉಸಿರು ಹಿಡಿದು ನಿಂತದ್ದು ನೀಲಾವತಿಗೆ ಕಂಡಿತು.

ದೀಪಾವಳಿ ಕಳೆದ ಮೇಲೆ ಅವರು ಮತ್ತೆ ಮೂಡುಬಿದಿರೆಗೆ ಹೋದರು. ಈ ಸಲ ನೀಲಾವತಿ ಯಾರೂ ಹೇಳದೆ ಹೊರಗೆ ಕೂತಳು. ಬಾಗಿಲಿಗೆ ಬರೀ ಪರದೆ, ಮಾತು ಕೇಳುತ್ತಿತ್ತು. ಡಾಕ್ಟರ್ ಹೊಸದಾಗಿ ಗೆರೆ ಎಳೆಯುತ್ತ, ಬಲಬದಿಗೆ ಸಮನಾಗಿ ತುಂಬಿಸುವ ಯೋಜನೆ ಹೇಳುತ್ತಿದ್ದರು.

"ಪೂರ್ತಿ ಸಮ ಮಾಡುವುದು ಬೇಡ ಡಾಕ್ಟ್ರೇ," ಎಂದಿತು ಮಗನ ಸ್ವರ. "ಅಮ್ಮ ಮುಟ್ಟಿ ನೋಡಿದ್ರೆ ಗೊತ್ತಾಗುವಷ್ಟು ಬಿಡಿ."

ನೀಲಾವತಿಗೆ ಅಳು ಬಂತು, ತಡೆಯದೆ ಅತ್ತಳು. ಪಕ್ಕದ ಕುರ್ಚಿಯ ಹೆಂಗಸು ಗಾಬರಿಯಿಂದ ಏನಾಯಿತೆಂದು ವಿಚಾರಿಸಿದಳು. ಏನಿಲ್ಲ, ಮಗನಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ ಎಂದಳು ನೀಲಾವತಿ.